ಕಾಡಿನ ಸ್ನಾನ ಮೊದಲು, ಪಂಪಾಸ್ನಾನ ಆಮೇಲೆ



ನಮ್ಮ ವಿಕ್ರೋಳಿಯ ಕನ್ನಿ ಸ್ವಾಮಿಗಳು ಕೇಳುವ ಪ್ರಶ್ನೆ: ಪಂಪೆಯವರೆಗೆ ಬಸ್ಸು ಇರುವಾಗ ಎರುಮೇಲಿಯಿಂದ ಕಾಡಿನಲ್ಲಿ ನಡೆಯುವುದು ಯಾಕೆ? ರಜೆ ಸಿಗದವರು, ಮೊಣಕಾಲು ನೋವು, ಹೃದಯದ ತೊಂದರೆ ಇರುವವರು ಬಸ್ಸಿನಲ್ಲೇ ಹೋಗಲಿ, ಅದರಿಂದ ಭಕ್ತಿಗೇನೂ ಕೊರತೆಯಿಲ್ಲ. ಉಳಿದವರಿಗೆ ಈ ಪಾಠ.

1982ರಲ್ಲಿ ಜಪಾನಿನ ಅರಣ್ಯ ಇಲಾಖೆ ‘ಶಿನ್ರಿನ್ ಯೋಕು’ ಎಂಬ ಮಾತನ್ನು ಬಳಕೆಗೆ ತಂದಿತು. ಕಾಡಿನ ಸ್ನಾನ ಎಂದರ್ಥ. ನೀರು ಬೇಡ; ಮರಗಳ ನಡುವೆ ನಿಧಾನವಾಗಿ ನಡೆದು ಅಲ್ಲಿನ ವಾಸನೆ, ಸದ್ದು, ನೆರಳನ್ನು ಮೈಗೆ ತಾಗಿಸಿಕೊಂಡರೆ ಸಾಕು. ಹಾಗೆ ನಡೆದವರ ನಾಡಿಬಡಿತ, ರಕ್ತದೊತ್ತಡ ಸ್ವಲ್ಪ ಇಳಿದದ್ದನ್ನು ಅಲ್ಲಿನ ಸಂಶೋಧಕರು ಅಳೆದಿದ್ದಾರೆ. ಈಗ ಇದಕ್ಕೆಂದೇ ದುಡ್ಡು ಕೊಟ್ಟು ರೆಸಾರ್ಟಿಗೆ ಹೋಗುವವರಿದ್ದಾರೆ. ನಮಗೆ ಹಿರಿಯರು ತಲೆಯ ಮೇಲೆ ಇರುಮುಡಿ ಇಟ್ಟು ಪುಕ್ಕಟೆ ಕೊಟ್ಟರು!

ಎರುಮೇಲಿಯಲ್ಲಿ ಪೇಟೆತುಳ್ಳಲ್ ಮುಗಿಸಿ ಪೇರೂರುತೋಡು ದಾಟಿದರೆ ಅಯ್ಯಪ್ಪನ ಪೂಂಗಾವನ ಶುರು. ಅಳುದಾ ನದಿಯಲ್ಲಿ ಮುಳುಗಿ ಒಂದು ಕಲ್ಲು ಎತ್ತಿಕೊಂಡು, ಏರು ಹತ್ತಿ ಕಲ್ಲಿಡಾಂಕುನ್ನಿನಲ್ಲಿ ಹಾಕುತ್ತೇವೆ. ಮುಂದೆ ಕರಿಮಲೆ. ಬರಿಗಾಲಿನಲ್ಲಿ ಅವಸರ ನಡೆಯುವುದಿಲ್ಲ. ಬೇರು, ಕಲ್ಲು, ಒದ್ದೆ ಎಲೆ ನೋಡಿಕೊಂಡೇ ಹೆಜ್ಜೆ ಇಡಬೇಕು. ಮುಂದಿನವರು ‘ಸ್ವಾಮಿಯೇ’ ಎಂದಾಗ ‘ಶರಣಂ ಅಯ್ಯಪ್ಪ’ ಎನ್ನಲು ಉಸಿರು ಸಾಲದಿದ್ದರೆ ಬೇಗ ಹತ್ತುತ್ತಿದ್ದೀರಿ ಎಂದೇ ಲೆಕ್ಕ. ನಿಲ್ಲಿ.

ಇದನ್ನೆಲ್ಲ ಕೆಡಿಸುವುದು ಹೆಗಲಿಗೆ ನೇತುಹಾಕಿದ ಸ್ಪೀಕರ್. ಶರಣು ಕೂಗಿ, ಬಾಯಿಂದ ಕೂಗಿ. ಇದು ಪೆರಿಯಾರ್ ಹುಲಿ ಮೀಸಲು ಅರಣ್ಯ, ಆನೆಗಳೂ ಇವೆ. ಗುಂಪು ಬಿಡಬೇಡಿ, ಅರಣ್ಯ ಸಿಬ್ಬಂದಿ ಹೇಳಿದ ಹೊತ್ತು ಮೀರಬೇಡಿ. ತಿಂಡಿಯ ಪ್ಲಾಸ್ಟಿಕ್ ಕವರು ಬಿಸಾಡಲೇಬೇಡಿ. ಉಪ್ಪಿನ ಆಸೆಗೆ ಪ್ರಾಣಿಗಳು ಕವರನ್ನೇ ನುಂಗುತ್ತವೆ.

ಅಭ್ಯಾಸಕ್ಕೆ ವ್ರತದ 41 ದಿನ ಇದೆ. ವಿಕ್ರೋಳಿಯಲ್ಲೇ ಹೈವೇಯ ಆಚೆ ಠಾಣೆ ಖಾಡಿಯ ದಡದಲ್ಲಿ ಕಾಂಡ್ಲಾ ಕಾಡಿದೆ. ಕೆಸರಿನಿಂದ ಪೆನ್ಸಿಲುಗಳಂತೆ ಮೇಲೆದ್ದ ಬೇರುಗಳಲ್ಲಿ ಉಸಿರಾಡುವ ಮರಗಳು ಅಲ್ಲಿವೆ. ದಿನಾ ಬಸ್ಸಿನಲ್ಲಿ ಪಕ್ಕದಲ್ಲೇ ಹೋಗುವ ನಮ್ಮಲ್ಲಿ ಎಷ್ಟು ಜನ ತಿರುಗಿ ನೋಡಿದ್ದೇವೆ? ಆದರೆ ಒಳಗೆ ಹೋಗಲು ಅನುಮತಿ ಬೇಕು. ಆದ್ದರಿಂದ ಭಾನುವಾರ ಬೆಳಿಗ್ಗೆ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಮೊಬೈಲ್ ಬ್ಯಾಗಿಗೆ ಹಾಕಿ, ಜನ ಓಡಾಡುವ ದಾರಿಯಲ್ಲೇ ಒಂದು ಗಂಟೆ ಬರಿಗಾಲಿನಲ್ಲಿ ನಡೆಯಿರಿ. ಮೊದಮೊದಲು ಕೈ ಮೊಬೈಲ್ ಹುಡುಕುತ್ತಲೇ ಇರುತ್ತದೆ. ಆಮೇಲೆ ಹಕ್ಕಿಗಳು ಕೇಳಿಸತೊಡಗುತ್ತವೆ. ಏನೇನು ಕೇಳಿಸಿತು ಎಂದು ಮುಂದಿನ ಭಜನೆಯ ದಿನ ಗುರುಸ್ವಾಮಿಯವರಿಗೆ ಹೇಳಿ.

ಸ್ವಾಮಿಯೇ ಶರಣಂ ಅಯ್ಯಪ್ಪ.