ನಮೂನೆಯ ಆ ಒಂದು ಪ್ರಶ್ನೆ

ಯಾದಗಿರಿ, ಶಹಾಪುರ, ಸುರಪುರದ ನಮ್ಮ ಹುಡುಗರು ಪೊಲೀಸ್ ನೌಕರಿಗೆ ಆಯ್ಕೆಯಾದರೆ ಪರಿಶೀಲನಾ ನಮೂನೆ ತುಂಬಬೇಕು. ಎಂದಾದರೂ ಬಂಧನವಾಗಿದೆಯೇ, ಮೊಕದ್ದಮೆ ಇದೆಯೇ ಎಂದು ಅದು ಕೇಳುತ್ತದೆ. ಗಾಂಜಾ ಸೇದಿ ಸಿಕ್ಕಿಬಿದ್ದವನಿಗೆ ಮನೆಯವರೇ 'ಇಲ್ಲ ಅಂತ ಬರಿ' ಎನ್ನುವುದುಂಟು.

ಸಹೋದರರೇ, ಅಮಲೇರಿಸುವುದೆಲ್ಲ ಹರಾಮ್. 1985ರ ಮಾದಕ ವಸ್ತು ಕಾಯ್ದೆಯಲ್ಲೂ ಸೇವನೆಯೇ ಅಪರಾಧ. ಸುಳ್ಳು ಬರೆದರೆ ಅದು ಎರಡನೆಯ ಪಾಪ. ಮಾಹಿತಿ ಮುಚ್ಚಿಟ್ಟವನ ನೇಮಕ ರದ್ದಾಗಬಹುದೆಂದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಜ ಹೇಳಿದರೂ ನೌಕರಿ ಖಚಿತವಲ್ಲ, ಅದನ್ನೂ ತಿಳಿದಿರಿ.

ತೌಬಾ ಮಾಡಿದ ಪಾಪವನ್ನು ಊರಿಗೆಲ್ಲ ಸಾರಬೇಕಿಲ್ಲ. ಅಲ್ಲಾಹನು ಮರೆಮಾಡಿದ್ದನ್ನು ನಾವು ಬಯಲು ಮಾಡಬಾರದು. ಆದರೆ ನಮೂನೆಯ ಕೆಳಗೆ ಸಹಿ ಹಾಕುವುದು ಸಾಕ್ಷ್ಯ ನುಡಿದಂತೆ. ಚಟ ಬಿಡದ ಮಗನನ್ನು ಬೈಯುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಾನಾಗಿಯೇ ಸರ್ಕಾರಿ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.