ನ್ಯುಮೋನಿಯಾ: ಉಸಿರಿನ ಎಣಿಕೆ, ಲಸಿಕೆಯ ಲೆಕ್ಕ
ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ 2 ತಿಂಗಳೊಳಗಿನ ಶಿಶು ನಿಮಿಷಕ್ಕೆ 60, ಒಂದು ವರ್ಷದೊಳಗಿನದು 50, ಐದು ವರ್ಷದೊಳಗಿನದು 40 ಅಥವಾ ಹೆಚ್ಚು ಬಾರಿ ಉಸಿರಾಡಿದರೆ ವೇಗದ ಉಸಿರಾಟ. ಮಗು ಅಳದಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಅಥವಾ ಮಗು ಹಾಲು ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವೃದ್ಧರಲ್ಲಿ ಜ್ವರವೇ ಇಲ್ಲದೆ ಹಠಾತ್ ಗೊಂದಲ, ನಿತ್ರಾಣ ಮೊದಲು ಕಾಣಬಹುದು. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುವುದು ಇಲ್ಲೇ.

ನ್ಯುಮೋಕಾಕಲ್ ಲಸಿಕೆ (ಪಿಸಿವಿ) ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 2017ರಲ್ಲಿ, ದೇಶಕ್ಕೆಲ್ಲ ವಿಸ್ತರಿಸಿದ್ದು 2021ರಲ್ಲಿ. ಡೋಸ್‌ಗಳು 6 ವಾರ, 14 ವಾರ, 9 ತಿಂಗಳಿಗೆ; 10ನೇ ವಾರ ಇದರಲ್ಲಿಲ್ಲ. ವೃದ್ಧರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವುದು ಒಳ್ಳೆಯದು. ಮಕ್ಕಳ ನ್ಯುಮೋನಿಯಾ ತಡೆಯುವ ‘ಸಾಂಸ್’ ಅಭಿಯಾನ ಆರಂಭವಾದದ್ದು 2019ರಲ್ಲಿ. ವಿಶ್ವ ನ್ಯುಮೋನಿಯಾ ದಿನ: ನವೆಂಬರ್ 12.