ಮಲಗಿದ ಬುದ್ಧನೂ ನಮ್ಮ ಕಣ್ಣೂ

ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಹೋದವರಿಗೆ ಊರವರು ಅಕ್ಕರೆಯಿಂದ ತೋರಿಸುವುದು ‘ಮಲಗಿದ ಬುದ್ಧ’ನ ಬೆಟ್ಟವನ್ನು. ತಲೆ, ಎದೆ, ಕಾಲು ಎಲ್ಲವೂ ಬಾನಂಚಿನಲ್ಲಿ ಮೂಡಿರುವುವು. ಕೆತ್ತಿದ ಶಿಲ್ಪಿ ಯಾರು? ಶಹಾಪುರ, ಸುರಪುರಗಳ ಈ ಗ್ರಾನೈಟು ಶಿಲೆ ಸುಮಾರು 250 ಕೋಟಿ ವರ್ಷ ಹಳೆಯದು. ಬಿಸಿಲಿಗೆ ಕಾದು, ಬಿರುಕಿಗೆ ಮಳೆನೀರಿಳಿದು, ಮೂಲೆಗಳು ಸವೆದು ಬಂಡೆಗಳು ದುಂಡಾದುವು. ಗುಡ್ಡಗಳು ಬೇರೆ ಬೇರೆ. ಒಂದೇ ದೇಹವಾಗಿ ಕಾಣಬೇಕಾದರೆ ನಾವು ತಕ್ಕ ಕಡೆ ನಿಲ್ಲಬೇಕು. ಮತ್ತೊಂದು ದಿಕ್ಕಿಗೆ ಸರಿದರೆ ಬುದ್ಧನು ಎದ್ದುಹೋಗುವನು!

ಉಳಿದುದು ಮಿದುಳಿನ ಕೆಲಸ. ಮುಖಗಳನ್ನು ಗುರುತಿಸುವುದರಲ್ಲಿ ವಿಶೇಷವಾಗಿ ತೊಡಗುವ ಭಾಗವೊಂದು ಅದರಲ್ಲುಂಟು. ಎರಡು ಚುಕ್ಕೆ, ಒಂದು ಗೆರೆ ದೊರೆತರೂ ಅದು ಮುಖವೆಂದೇ ಬಗೆಯುವುದು.

1976ರ ಜುಲೈ 25ರಂದು ವೈಕಿಂಗ್-1 ನೌಕೆ ತೆಗೆದ ಮಂಗಳಗ್ರಹದ ಚಿತ್ರದಲ್ಲಿಯೂ ಒಂದು ಮುಖವಿದ್ದಿತು. ಅದು ನೆರಳಿನಾಟವೆಂದು ಚಿತ್ರವನ್ನು ಹೊರಡಿಸಿದಾಗಲೇ ನಾಸಾ ತಿಳಿಸಿತ್ತು. ಆದರೆ ಕೆಲವು ಪತ್ರಿಕೆಗಳಿಗೆ ಬೇಕಾದುದು ಮುಖ, ನೆರಳಲ್ಲ. 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಇನ್ನೂ ಸೂಕ್ಷ್ಮವಾಗಿ ಚಿತ್ರಿಸಿದಾಗ ಉಳಿದುದು ಬರಿಯ ಗುಡ್ಡ.

ಹೀಗೆಂದರೆ ಭಕ್ತಿಗೆ ಅಪಚಾರವೇ? ಶಹಾಪುರದ ಬೆಟ್ಟಕ್ಕೆ ಕೈಮುಗಿಯುವವರೊಡನೆ ನಮಗೆ ಜಗಳವಿಲ್ಲ. ದಾರಿಯಲ್ಲಿ ನಿಂತು ನಾವೂ ಕಣ್ತುಂಬ ನೋಡುವೆವು. ನಮ್ಮ ಬೇಸರವೆಲ್ಲ, ಗೋಡೆಯ ಕಲೆಯಲ್ಲಿ ದೇವರು ಮೂಡಿದನೆಂದು ಬೆಳಗಾಗುವುದರೊಳಗೆ ಫೋನಿಗೆ ಚಿತ್ರ ಕಳುಹಿಸಿ, ‘ವಿಜ್ಞಾನಕ್ಕೇ ಸವಾಲು’ ಎಂದು ಬರೆಯುವವರ ಮೇಲೆ. ಅವರನ್ನು ನಾವು ಕೇಳುವುದಿಷ್ಟೆ: ಬೆಳಕು ಯಾವ ಕಡೆಯಿಂದ ಬಿದ್ದಿದೆ? ಪಕ್ಕದಿಂದ ತೆಗೆದ ಇನ್ನೊಂದು ಚಿತ್ರವಿದೆಯೇ? ಆ ಎರಡನೆಯ ಚಿತ್ರವನ್ನು ಇದುವರೆಗೆ ಯಾರೂ ಕಳುಹಿಸಿಲ್ಲ.